ಬಂಟನ ಪಾಲು

ಕಲ್ಲುಗುಡ್ಡದ ಹಟ್ಟಿ, ಜಗಳೂರು ತಾಲ್ಲೂಕು
ತಾ. 12-6-1938

ಹೊನ್ನಾಳಿ ದನದ ಆಸ್ಪತ್ರೆಯ ಕಾಂಪೌಂಡರ್ ದಾಸಪ್ಪನವರಿಗೆ ಗಿಡ್ಡಪ್ಪ ಬರೆಯುವುದು.

ಕಾಗದದ ಮೊದಲಿಗೆ ಎಲ್ಲರೂ ಕ್ಷೇಮ ಎಂದು ಬರೆಯಬೇಕೆಂದು ಮೇಷ್ಟರು ನಮ್ಮಿಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸಿದ್ದರು. ಮನೆಯವರು ಕ್ಷೇಮ. ಬಂಟ ಕ್ಷೇಮವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಬೇರೆ ಯಾವುದಕ್ಕೂ ಅಲ್ಲ.

ಮೂರು ವರ್ಷದಿಂದ ನಿಮ್ಮನ್ನು ಉಣ್ಣೆ ಕತ್ತರಿಸುವ ದಿನದ ಊಟಕ್ಕೆ ಕರೆದಿಲ್ಲ. ಏಕೆಂದು ನಿಮಗೆ ಗೊತ್ತು. ನಾನು ಮಂದೆಯ ಜೊತೆ ದೂರದ ಹೊಲದಲ್ಲಿದ್ದಾಗ ನೀವು ಹಟ್ಟಿಗೆ ಬಂದಿರಿ. ನಮ್ಮ ಹೆಣ್ಣುನಾಯಿ ಹಾಕಿದ ಮರಿಗಳಲ್ಲಿ ಎರಡು ಉಳಿದಿದ್ದವು. ಒಳ್ಳೆಯದನ್ನು ಆರಿಸಿಕೊಂಡು ಬಸ್ಸು ಹತ್ತಿದಿರಿ. ನನಗೆ ಉಳಿದದ್ದು ಬಂಟ.

ಬಂಟ ಈಗ ಇಬ್ಬರ ಊಟ ತಿನ್ನುತ್ತಾನೆ, ಅರ್ಧ ನಾಯಿಯಷ್ಟು ಇದ್ದಾನೆ. ಪಕ್ಕೆಲುಬು ಎಣಿಸಬಹುದು. ಅದೂ ಸಾಲದೆಂಬಂತೆ ಯುಗಾದಿಯಿಂದೀಚೆಗೆ ನಾಲ್ಕು ಕುರಿಗಳಿಗೆ ತಿರುಗುಬ್ಯಾನೆ ಬಂತು. ಒಂದೇ ಕಡೆಗೆ ತಲೆ ವಾಲಿಸಿಕೊಂಡು, ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಬಿದ್ದುಹೋಗುತ್ತವೆ. ನಮ್ಮ ದೊಡ್ಡಪ್ಪ ಜುಂಜಪ್ಪನನ್ನು ನೀವು ಬಲ್ಲಿರಿ. ಹಟ್ಟಿಗೆಲ್ಲ ಹಿರಿಯ. ಮೊನ್ನೆ ಕೋಲು ನೆಲಕ್ಕೆ ಊರಿ ಹೇಳಿಬಿಟ್ಟ: "ಈ ನಾಯಿ ಒಣಗಾಕೆ ಹತ್ತಿದ ಮ್ಯಾಲೇ ಕುರಿ ತಿರುಗಾಕೆ ಹತ್ತಿದ್ದು. ನಾಯಾಗೆ ಏನೋ ಐತೆ. ಕಾರ್ತಿಕದಾಗೆ ಉಣ್ಣೆ ಕತ್ತರಿಸ್ತೀವಲ್ಲ, ಅಷ್ಟರಾಗೆ ಇದನ್ನ ಮುಗಿಸಿಬಿಡ್ರಿ."

ಅವನ ಮಾತು ಮೀರಿ ಹಟ್ಟಿಯಲ್ಲಿ ಬೇಲಿಯ ಮುಳ್ಳೂ ಅಲುಗುವುದಿಲ್ಲ. ಬಂಟನ ಮೈ ತುಂಬಿಕೊಂಡರೆ, ನಾಯಿಯಲ್ಲಿ ಏನೂ ಇಲ್ಲವೆಂದು ತೋರಿಸಬಹುದು. ದನದ ಆಸ್ಪತ್ರೆಯಲ್ಲಿ ನಾಯಿಗೂ ಔಷಧ ಉಂಟೋ ಇಲ್ಲವೋ, ಅದನ್ನು ತಿಳಿಸಿದರೆ ಸಾಕು.

ಇತಿ,
ಗಿಡ್ಡಪ್ಪ


ಹೊನ್ನಾಳಿ
ತಾ. 23-6-1938

ಗಿಡ್ಡಪ್ಪನವರಿಗೆ ದಾಸಪ್ಪನ ನಮಸ್ಕಾರ.

ನಿಮ್ಮ ಕಾಗದದಲ್ಲಿ 'ನೀವು' ಎಷ್ಟು ಸಲ ಬಂದಿದೆ ಎಂದು ನನ್ನ ಹೆಂಡತಿ ಲಕ್ಷ್ಮಮ್ಮನಿಗೆ ಓದಿ ತೋರಿಸಿದೆ. "ಯಾರೋ ಅಮಲ್ದಾರರು ಬರೆದಂಗೈತೆ" ಅಂದಳು. ನಾನೂ 'ನೀವು' ಎಂದೇ ಬರೆಯುತ್ತೇನೆ, ಬಾಕಿ ಬೇಡ.

ಮರಿಯ ವಿಷಯ ಆಮೇಲೆ. ಮೊದಲು ನಾಯಿ. ಔಷಧ ಉಂಟು, ಆದರೆ ಯಾವುದಕ್ಕೆ ಎಂದು ತಿಳಿಯದೆ ಕೊಡಲಾರೆ. ನಮ್ಮ ಡಾಕ್ಟರು ಮಹೇಶ್ವರಪ್ಪನವರು ಯಾವ ಪ್ರಾಣಿ ಬಂದರೂ ಮೊದಲು ಅದನ್ನಲ್ಲ, ಯಜಮಾನನನ್ನು ಪರೀಕ್ಷೆ ಮಾಡುತ್ತಾರೆ. ಹಾಗೆ ನಾನು ನಿಮ್ಮನ್ನು ಕೇಳುತ್ತೇನೆ. ಮೂಗು ಒದ್ದೆ ಇದೆಯೋ, ಒಣಗಿದೆಯೋ? ವಸಡು ಕೆಂಪೋ, ಸುಣ್ಣದ ಹಾಗೆ ಬಿಳಿಯೋ? ಕೆಮ್ಮು ಉಂಟೋ? ಕೂತಲ್ಲೇ ಹಿಂಭಾಗವನ್ನು ನೆಲಕ್ಕೆ ಉಜ್ಜಿಕೊಂಡು ಎಳೆದಾಡುತ್ತಾನೋ? ಮಲದಲ್ಲಿ ಏನಾದರೂ ಬಿಳಿಯದು ಕಂಡಿದೆಯೋ? ಬೆಳಗಿನಿಂದ ಸಂಜೆಯವರೆಗೆ ಏನೇನು ತಿನ್ನುತ್ತಾನೆ, ಒಂದೂ ಬಿಡದೆ ಬರೆಯಿರಿ.

ಅಷ್ಟರಲ್ಲಿ ಕಿವಿಯೊಳಗಿನ, ಬೆರಳ ಸಂದಿನ ಉಣುಗುಗಳನ್ನು ತೆಗೆದು ಬೆಂಕಿಗೆ ಹಾಕಿ, ಹೊಂಗೆಎಣ್ಣೆ ಸವರಿ. ಕುಡಿಯುವ ನೀರು ಅವನಿಗೇ ಒಂದು ಕಲ್ಲುಮರಿಗೆಯಲ್ಲಿ ಇಡಿ, ದಿನಾ ಚೆಲ್ಲಿ ಹೊಸದು ಹಾಕಿ.

ಇಲ್ಲಿ ಕೆಂದ ಚೆನ್ನಾಗಿದ್ದಾನೆ. ತುಂಬ ಚೆನ್ನಾಗಿದ್ದಾನೆ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಒಂದೇ ತಾಯಿಯ ಎರಡು ಮರಿಗಳಲ್ಲಿ ಒಂದು ಹೀಗೆ, ಒಂದು ಹಾಗೆ ಏಕಾಯಿತು ಎಂಬುದು ನನಗೂ ಒಂದು ಪ್ರಶ್ನೆ.

ಇತಿ,
ದಾಸಪ್ಪ


ಕಲ್ಲುಗುಡ್ಡದ ಹಟ್ಟಿ
ತಾ. 10-7-1938

ದಾಸಪ್ಪನವರಿಗೆ,

ಮೂಗು ಒದ್ದೆ ಇದೆ. ವಸಡು ಬಿಳಿಚಿದೆ. ಕೆಮ್ಮಿಲ್ಲ. ನೆಲಕ್ಕೆ ಉಜ್ಜಿಕೊಂಡು ಎಳೆದಾಡುತ್ತಾನೆ. ಇದು ನಿಮಗೆ ಹೊನ್ನಾಳಿಯಲ್ಲಿ ಕೂತು ಹೇಗೆ ತಿಳಿಯಿತು? ನನ್ನ ಹೆಂಡತಿ ಸಾವಂತ್ರಮ್ಮ ಕಾಗದವನ್ನು ತಿರುಗಿಸಿ ನೋಡಿದಳು, ಹಿಂದೆ ಕನ್ನಡಿ ಏನಾದರೂ ಇದೆಯೋ ಎಂದು.

ಬಿಳಿಯದು ಎಂದಿರಲ್ಲ, ಅದನ್ನು ನೋಡಲು ಮೂರು ದಿನ ನಾಯಿಯ ಹಿಂದೆ ತಿರುಗಿದೆ. ಹೊಲದಲ್ಲಿ ಕಳೆ ಕೀಳುತ್ತಿದ್ದ ಕೆಂಪಕ್ಕ ಕೇಳಿದಳು: "ಏನಪ್ಪಾ ಗಿಡ್ಡಣ್ಣ, ಮಂದೆ ಬಿಟ್ಟು ಈಗ ನಾಯಿ ಕಾಯಾಕೆ ಹತ್ತೀಯಾ?" ಕಾಯುತ್ತಿದ್ದೇನೆ ಎಂದೆ. ಮೂರನೆಯ ದಿನ ಕಂಡಿತು. ಸೌತೆಬೀಜದಂಥವು, ನಾಲ್ಕೈದು. ಒಂದು ತಾನಾಗಿ ಅಲುಗಿತು. ಬೀಜ ಅಲುಗುವುದನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ.

ಊಟ: ಬೆಳಿಗ್ಗೆ ಜೋಳದ ಗಂಜಿ, ಮಧ್ಯಾಹ್ನ ರಾಗಿಮುದ್ದೆ ಮಜ್ಜಿಗೆ, ಸಂಜೆ ಮನೆಯಲ್ಲಿ ಆದದ್ದು. ನಾವು ಅವನಿಗೆ ಕಡಿಮೆ ಮಾಡಿದ್ದೇವೆ ಎಂದು ನೀವು ಎಣಿಸಬಾರದು. ಹಟ್ಟಿಯಲ್ಲಿ ಯಾವ ಕುರಿ ಕೊಯ್ದರೂ ಇಡೀ ತಲೆ ಬಂಟನದೇ. ನಮ್ಮ ತಾತನ ನಾಯಿ ತೋಳದ ಬಾಯಿಂದ ಮಂದೆ ಉಳಿಸಿದಾಗಿನಿಂದ ಇದು ನಡೆದುಬಂದಿದೆ. ಒಲೆಗೆ ಮಡಕೆ ಇಡುವ ಮೊದಲೇ ಕಾವಲಿನವನ ಪಾಲು ಅವನ ಮುಂದೆ ಬೀಳಬೇಕು. ತಿರುಗುಬ್ಯಾನೆಯ ಕುರಿಯನ್ನು ಸಾಯುವ ಮೊದಲೇ ಕೊಯ್ಯುತ್ತೇವಲ್ಲ, ಅದರ ತಲೆಯನ್ನೂ ಹಾಕಿದ್ದೇವೆ. ನಿಮ್ಮ ಕೆಂದನಿಗೆ ಹೊನ್ನಾಳಿಯಲ್ಲಿ ಇಷ್ಟು ಮರ್ಯಾದೆ ಸಿಗುತ್ತದೆಯೋ?

ಇತಿ,
ಗಿಡ್ಡಪ್ಪ


ಹೊನ್ನಾಳಿ
ತಾ. 28-7-1938

ಗಿಡ್ಡಪ್ಪನವರಿಗೆ,

ಬಂಟನ ಹೊಟ್ಟೆಯಲ್ಲಿ ಲಾಡಿಹುಳು ಇದೆ. ಚಡ್ಡಿಗೆ ಹಾಕುವ ಲಾಡಿಯ ಹಾಗೆ ಉದ್ದ, ಚಪ್ಪಟೆ. ನೀವು ಕಂಡ ಸೌತೆಬೀಜಗಳು ಅದರ ತುಂಡುಗಳು. ಇಬ್ಬರ ಊಟ ತಿನ್ನುತ್ತಾನೆ ಎಂದು ಬರೆದಿರಿ. ಸರಿಯೇ, ಒಳಗೆ ಇನ್ನೊಬ್ಬ ಇದ್ದಾನೆ.

ಔಷಧ ಏನೆಂದು ಕೇಳಿದರೆ ನಗುತ್ತೀರಿ. ಅಡಿಕೆ. ಚನ್ನಗಿರಿಯ ವ್ಯಾಪಾರಿ ಮುರುಗೇಶಪ್ಪನವರಿಗೆ ಹೇಳಿದ್ದೇನೆ, ಅವರ ಗಾಡಿ ದಾವಣಗೆರೆಗೆ ಹೋಗುವಾಗ ಒಂದು ಗಂಟು ಕಳಿಸುತ್ತಾರೆ. ಅಲ್ಲಿಂದ ಜಗಳೂರು ಬಸ್ಸಿನವರು ತಂದುಕೊಡುತ್ತಾರೆ. ಕಾಯಿರಿ. ಬಂದ ಮೇಲೆ ನುಣ್ಣಗೆ ಕುಟ್ಟಿ, ಬೆಳ್ಳಿಯ ನಾಲ್ಕಾಣೆ ಪಾವಲಿಯ ತೂಕದಷ್ಟು, ಅದಕ್ಕಿಂತ ಒಂದು ಚಿಟಿಕೆಯೂ ಹೆಚ್ಚಲ್ಲ, ಹಾಲಲ್ಲಿ ಕಲಸಿ ಕುಡಿಸಬೇಕು. ಹೆಚ್ಚಾದರೆ ನಾಯಿಗೆ ವಿಷ. ಹಿಂದಿನ ದಿನ ಪೂರ್ತಿ ಉಪವಾಸ. ಕೊಟ್ಟ ದಿನ ಕಟ್ಟಿಹಾಕಿ, ಬಿದ್ದದ್ದನ್ನೆಲ್ಲ ಕೈಯಲ್ಲಿ ಮುಟ್ಟದೆ ಸುಟ್ಟುಬಿಡಿ.

ನಿಮ್ಮ ಕಾಗದವನ್ನು ಡಾಕ್ಟರಿಗೆ ಓದಿ ಹೇಳಿದೆ. ಕುರಿಯ ತಲೆಯ ಮಾತು ಬಂದಾಗ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹಸಿಯದೋ, ಬೇಯಿಸಿದ್ದೋ ಕೇಳ್ರಿ" ಅಂದರು. ಮತ್ತೆ, "ತಿರುಗೋ ಕುರಿ ತಲೆ ಒಡೆದಾಗ ಒಳಗೆ ಏನು ಕಾಣ್ತು ಅದನ್ನೂ ಕೇಳ್ರಿ" ಅಂದರು. ಏಕೆ ಎಂದರೆ ಹೇಳಲಿಲ್ಲ. ನನಗೆ ಅಂದಿನಿಂದ ಅದೇ ಯೋಚನೆ.

ಇತಿ,
ದಾಸಪ್ಪ


ಕಲ್ಲುಗುಡ್ಡದ ಹಟ್ಟಿ
ತಾ. 20-8-1938

ದಾಸಪ್ಪನವರಿಗೆ,

ಕಾಯಲಿಲ್ಲ. ತಪ್ಪು ನನ್ನದೇ. ಇನ್ನೂ ಎರಡು ಕುರಿ ತಿರುಗಿದವು, ದೊಡ್ಡಪ್ಪ ದಿನಕ್ಕೊಮ್ಮೆ ಬಂಟನನ್ನು ನೋಡಿ ಕೆಮ್ಮುತ್ತಿದ್ದ. ಜಗಳೂರು ಸಂತೆಯಲ್ಲಿ ಒಳ್ಳೆಯ ಕೆಂಪು ಅಡಿಕೆ ಕೊಂಡು, ತೂಗಿ, ನೀವು ಹೇಳಿದಂತೆಯೇ ಕುಡಿಸಿದೆ. ನಾಯಿಯ ಗಡ್ಡವೆಲ್ಲ ಕೆಂಪಾಯಿತು. ಬೇರೇನೂ ಆಗಲಿಲ್ಲ. ಹಟ್ಟಿಯ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಕೆಂಪಕ್ಕ ಮನೆಯಿಂದ ಸುಣ್ಣದ ಡಬ್ಬಿಯನ್ನೇ ತಂದಳು: "ಬರೀ ಅಡಿಕೆ ಹಾಕಿದ್ರೆ ಹೆಂಗೆ, ಪಾಪ, ಎಲೆ ಸುಣ್ಣ ಬ್ಯಾಡ್ವಾ ಅವ್ನಿಗೆ?"

ಡಾಕ್ಟರು ಕೇಳಿದ್ದಕ್ಕೆ: ತಲೆ ಹಸಿಯದೇ ಹಾಕುತ್ತೇವೆ. ಬೆಂಕಿ ಮುಟ್ಟಿದರೆ ಅದು ನಾಯಿಯ ಪಾಲಾಗುವುದಿಲ್ಲ. ತಿರುಗುವ ಕುರಿಯ ಬುರುಡೆಯಲ್ಲಿ ನೀರುಗುಳ್ಳೆ ಇರುತ್ತದೆ, ನಿಂಬೆಹಣ್ಣಿನಷ್ಟು. ಅದರ ಸಿಪ್ಪೆಗೆ ಒಳಗಡೆ ಅಕ್ಕಿನುಚ್ಚು ಮೆತ್ತಿದ ಹಾಗೆ ಬಿಳಿ ಕಾಳುಗಳು. ಬಂಟನಿಗೆ ಅದೆಂದರೆ ಪ್ರಾಣ.

ಇತಿ,
ಗಿಡ್ಡಪ್ಪ


ನ್ಯಾಮತಿ ಮೊಕ್ಕಾಂ
ತಾ. 2-9-1938

ಗಿಡ್ಡ,

ಈ ಕಾಗದವನ್ನು 'ನೀವು' ಎಂದು ಬರೆಯಲಾರೆ. ದನಗಳಿಗೆ ದೊಡ್ಡರೋಗದ ಚುಚ್ಚುಮದ್ದು ಹಾಕಲು ಡಾಕ್ಟರ ಜೊತೆ ಇಲ್ಲಿಗೆ ಬಂದಿದ್ದೇನೆ. ಮಧ್ಯಾಹ್ನ ಹುಣಸೆಮರದ ಕೆಳಗೆ ಕೂತಾಗ ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದರು. ಹಾಗೆಯೇ ನಿನಗೆ ಹೇಳುತ್ತೇನೆ, ನಿಧಾನವಾಗಿ ಓದು.

ಕುರಿಯ ತಲೆಯ ಗುಳ್ಳೆಯಲ್ಲಿ ಬಿಳಿ ಕಾಳು ಕಂಡೆಯಲ್ಲ, ಅದರ ಒಂದೊಂದು ಕಾಳೂ ಒಂದೊಂದು ಲಾಡಿಹುಳುವಿನ ತಲೆ. ನಾಯಿ ಹಸಿಯದಾಗಿ ತಿಂದರೆ ಅವು ನಾಯಿಯ ಕರುಳಿಗೆ ಕಚ್ಚಿಕೊಂಡು ಉದ್ದ ಬೆಳೆಯುತ್ತವೆ. ಬೆಳೆದು ಸೌತೆಬೀಜ ಉದುರಿಸುತ್ತವೆ. ಆ ಬೀಜದ ತುಂಬ ಕಣ್ಣಿಗೆ ಕಾಣದ ಮೊಟ್ಟೆ. ಬೀಜ ಬೀಳುವುದು ಕುರಿ ಮೇಯುವ ಹುಲ್ಲಿನಲ್ಲಿ. ಕುರಿ ಹುಲ್ಲು ತಿನ್ನುತ್ತದೆ, ಮೊಟ್ಟೆ ರಕ್ತದಲ್ಲಿ ಹರಿದು ಮಿದುಳಿಗೆ ಹೋಗಿ ಕೂರುತ್ತದೆ, ಮತ್ತೆ ಗುಳ್ಳೆಯಾಗುತ್ತದೆ, ಕುರಿ ತಿರುಗುತ್ತದೆ. ಹಟ್ಟಿಯವರೆಲ್ಲ ಸೇರಿ ಕೊಯ್ಯುತ್ತೀರಿ, ತಲೆ ಬಂಟನಿಗೆ ಹಾಕುತ್ತೀರಿ.

ದೊಡ್ಡಪ್ಪ ಹೇಳಿದ್ದು ಅರ್ಧ ನಿಜ. ರೋಗ ನಾಯಿಯಿಂದಲೇ ಬರುತ್ತಿದೆ. ಆದರೆ ನಾಯಿಗೆ ಕೊಟ್ಟವರು ನೀವೇ, ಅದೂ ಮರ್ಯಾದೆ ಮಾಡಿ.

ಕೆಂದನಿಗೆ ಏನೂ ಆಗದಿದ್ದದ್ದು ಅವನು ಒಳ್ಳೆಯ ಮರಿ ಎಂದಲ್ಲ. ಹೊನ್ನಾಳಿಯಲ್ಲಿ ಅವನಿಗೆ ಯಾರೂ ತಲೆ ಹಾಕುವುದಿಲ್ಲ, ಅಷ್ಟೇ.

ನೀನು ಸಂತೆಯಲ್ಲಿ ತಂದದ್ದು ಬೇಯಿಸಿ ಬಣ್ಣ ಕಟ್ಟಿದ ಅಡಿಕೆ. ಬೆಂದರೆ ಅದರ ಕಸುವು ನೀರಿಗೆ ಹೋಗಿಬಿಡುತ್ತದೆ. ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಈ ಕಡೆ ಎಲ್ಲರಿಗೂ ಗೊತ್ತಿರುವ ಮಾತು ಎಂದು ಬಿಟ್ಟೆ. ಬೇಯಿಸದೆ ಬಿಸಿಲಲ್ಲೇ ಒಣಗಿಸಿದ ಗೋಟಡಿಕೆ ನಿನಗೆ ಈ ವಾರ ತಲುಪುತ್ತದೆ. ಬೇಯಿಸಬಾರದ್ದನ್ನು ಬೆಂದದ್ದು ತಂದೆ, ಬೇಯಿಸಬೇಕಾದ್ದನ್ನು ಹಸಿ ಹಾಕಿದೆ. ಎರಡನ್ನೂ ಅದಲು ಬದಲು ಮಾಡು, ಸಾಕು. ತಲೆ ಚೆನ್ನಾಗಿ ಬೆಂದರೆ ಹುಳು ಸಾಯುತ್ತದೆ. ತಿರುಗುಬ್ಯಾನೆಯ ಕುರಿಯ ತಲೆ ಮಾತ್ರ ಬೇಯಿಸಿಯೂ ಬೇಡ, ಸುಟ್ಟುಬಿಡು.

ನಿನ್ನ,
ದಾಸ


ಹೊನ್ನಾಳಿ
ತಾ. 15-10-1938

ಗಿಡ್ಡ,

ಆರು ವಾರವಾಯಿತು, ನಿನ್ನಿಂದ ಕಾಗದವಿಲ್ಲ. ಗೋಟಡಿಕೆಯ ಗಂಟು ಜಗಳೂರಲ್ಲಿ ಇಳಿಯಿತೆಂದು ಮುರುಗೇಶಪ್ಪನವರು ಹೇಳಿದರು. 'ದೊಡ್ಡಪ್ಪ ಹೇಳಿದ್ದು ಅರ್ಧ ನಿಜ' ಎಂದು ಬರೆದೆನಲ್ಲ, ಆ ಸಾಲನ್ನು ಬರೆಯಬಾರದಿತ್ತೇನೋ ಎಂದು ಲಕ್ಷ್ಮಮ್ಮ ಅನ್ನುತ್ತಾಳೆ. ಬರೆಯದಿದ್ದರೆ ಸುಳ್ಳಾಗುತ್ತಿತ್ತು. ಬರೆದು ನಾನೇ ಬಂಟನನ್ನು ಕೊಂದೆನೋ ಎಂದು ಕೆಂದನ ಮುಖ ನೋಡಿದಾಗಲೆಲ್ಲ ಅನ್ನಿಸುತ್ತದೆ.

ಒಂದು ಸಾಲು ಬರೆ.

ದಾಸ


ಕಲ್ಲುಗುಡ್ಡದ ಹಟ್ಟಿ
ತಾ. 20-11-1938

ದಾಸ,

ಬಂಟ ಇದ್ದಾನೆ. ಅದನ್ನು ಮೊದಲು ಬರೆದುಬಿಟ್ಟೆ, ಇನ್ನು ನಿಧಾನವಾಗಿ ಓದು.

ನಿನ್ನ ನ್ಯಾಮತಿಯ ಕಾಗದ ಓದಿ ಸೂರಿಗೆ ಸಿಕ್ಕಿಸಿದೆ. ನಾಯಿಯಲ್ಲಿ ಏನೂ ಇಲ್ಲ ಎಂದು ನೀನು ಬರೆಯುತ್ತೀಯೆಂದು ಕಾದಿದ್ದೆ. ಇದೆ ಎಂದು ಬರೆದೆ. ದೊಡ್ಡಪ್ಪನ ಕಿವಿಗೆ ಬಿದ್ದರೆ ಅವತ್ತೇ ಮುಗಿಯಿತು. ಅಡಿಕೆ ಬಂತು, ಅದನ್ನೂ ಸೂರಿಗೆ ಸೇರಿಸಿದೆ. ಕುಡಿಸಿದರೆ ಯಾಕೆ ಎನ್ನುತ್ತಾರೆ, ಯಾಕೆಂದು ಹೇಳಿದರೆ ನಾಯಿ ಹೋಗುತ್ತದೆ. ಈ ನಡುವೆ ಇನ್ನೊಂದು ಕುರಿ ತಿರುಗಿತು.

ಕೊನೆಗೆ ಸಾವಂತ್ರಮ್ಮ ಹಿಡಿದಳು: "ಕಾಗದ ಬಂದು ಎರಡು ತಿಂಗಳಾತು. ಓದಿ ಹೇಳವಲ್ಲೆ. ಅದರಾಗೆ ಯಾರು ಸತ್ತಾರೆ?" ಓದಿ ಹೇಳಿದೆ. ಅವಳು, "ಮುಚ್ಚಿಟ್ರೆ ಕುರಿ ಸಾಯ್ತಾವೆ. ಹೇಳಿದ್ರೆ ನಾಯಿ ಸಾಯ್ತೈತೆ. ಹೇಳಬ್ಯಾಡ, ತೋರ್ಸು" ಎಂದು ಎದ್ದು ಹೋಗಿ ದೊಡ್ಡಪ್ಪನನ್ನೇ ಕರೆದುಕೊಂಡು ಬಂದಳು. ನಾನು ಅವಳನ್ನು ತಡೆಯಲು ಬಾಗಿಲಿಗೆ ಬರುವಷ್ಟರಲ್ಲಿ ಅವನು ಜಾಲಿಮರದ ಕೆಳಗೆ ಕಂಬಳಿ ಹಾಸಿ ಕೂತಾಗಿತ್ತು. ನಾಯಿಗೆ ಔಷಧ ಕೊಡುತ್ತೇನೆ, ಏನು ಬೀಳುತ್ತದೋ ನೀನೇ ನೋಡು ಎಂದಷ್ಟೇ ಅವನಿಗೆ ಹೇಳಿದೆ.

ಮರುದಿನವೆಲ್ಲ ಬಂಟನಿಗೆ ಉಪವಾಸ. ಅದರ ಮರುದಿನ ಬೆಳಿಗ್ಗೆ ಗೋಟಡಿಕೆ ಪಾವಲಿ ತೂಕ, ಹಾಲು. ದೊಡ್ಡಪ್ಪ ತಕ್ಕಡಿಯನ್ನು ತಾನೇ ಹಿಡಿದ. ಬಿಸಿಲು ಏರುವ ಹೊತ್ತಿಗೆ ಬಂಟ ಜೊಲ್ಲು ಸುರಿಸಿ ನಡುಗಿದ. ಆಮೇಲೆ ಬಿತ್ತು ನೋಡು. ಒಂದಲ್ಲ, ಐದಾರು, ಒಂದೊಂದು ಮೊಳಕ್ಕೆ ಮೇಲೆ. ದೊಡ್ಡಪ್ಪ ಕೋಲಿನ ತುದಿಯಿಂದ ಒಂದನ್ನು ನೀಟಾಗಿ ಎಳೆದು ಅಳತೆ ನೋಡಿದ. "ಇಷ್ಟುದ್ದ ಲಾಡಿ ನನ್ನ ಚಡ್ಡಿಗೂ ಇಲ್ಲ ಕಣೋ" ಅಂದ. ಎಲ್ಲವನ್ನೂ ಸುಟ್ಟೆವು, ಕೋಲಿನ ತುದಿಯನ್ನೂ ಸೇರಿಸಿ.

ತಿರುಗುವ ಕುರಿಯನ್ನು ಅವತ್ತೇ ಕೊಯ್ದೆವು. ಬುರುಡೆ ಒಡೆದು, ಗುಳ್ಳೆಯನ್ನು ಎಲೆಯ ಮೇಲಿಟ್ಟು ಬಿಸಿಲಿಗೆ ಹಿಡಿದೆ. ಒಳಗಿನ ಬಿಳಿ ಕಾಳು ಒಂದೊಂದೇ ತೋರಿಸಿ ನೀನು ಬರೆದದ್ದನ್ನು ಓದಿದೆ. ಕೇಳಿ ಮುಗಿಸಿ ದೊಡ್ಡಪ್ಪ ಕೇಳಿದ, "ಇದನ್ನ ನಾಯಿಗೆ ಹಾಕಿದೋನು ಯಾರು?"

"ನಾನು."

"ಹಾಕಾಕೆ ನಿಂಗೆ ಕಲಿಸಿದೋನು ಯಾರು?"

ಕಲಿಸಿದವನು ಅವನೇ. ಅವನು ಎದ್ದು, ಕಂಬಳಿಯನ್ನು ಅಲ್ಲೇ ಬಿಟ್ಟು ಹೊರಟುಹೋದ.

ಎರಡು ದಿನ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಮೂರನೆಯ ದಿನ ಬಂದ. "ನಾಯಿ ಇರ್ಲಿ. ಆದ್ರೆ ಪಾಲು ತಪ್ಪಿಸಂಗಿಲ್ಲ. ಕಾವಲಿನೋನ ಪಾಲು ತಿಂದ ಹಟ್ಟಿ ಅಂತ ಹೆಸರು ಬರಬಾರದು."

"ಬೇಯಿಸಿ ಹಾಕ್ತೀನಿ ದೊಡ್ಡಪ್ಪ."

"ಬೆಂಕಿ ಮುಟ್ಟಿದ್ದು ನಾಯಿ ಪಾಲಲ್ಲ, ಮನುಷ್ಯರ ಊಟ. ಮನುಷ್ಯರ ಊಟ ಉಣ್ಣೋನು ಸಾಲಾಗೆ ಕೂತು ಉಣ್ಣಬೇಕು. ಕೂರಿಸ್ತೀಯಾ ನಾಯಿನ, ಎಲೆ ಹಾಕಿ?"

ನನ್ನ ಬಾಯಿ ಮುಚ್ಚಿಸಲೆಂದೇ ಅಂದ ಮಾತು. ಆದರೆ ದಾಸ, ಅಂದದ್ದು ಹಿರಿಯ. ಹಿರಿಯ ಅಂದದ್ದನ್ನು ಮಾಡಿದೆ.

ಮೊನ್ನೆ ಉಣ್ಣೆ ಕತ್ತರಿಸಿದೆವು. ಹದಿನೆಂಟು ಜನ ಸಾಲಾಗಿ ಕೂತರು. ಹತ್ತೊಂಬತ್ತನೆಯ ಮುತ್ತುಗದ ಎಲೆಯನ್ನು ಸಾಲಿನ ತುದಿಯಲ್ಲಿ ಹಾಕಿ, ಬಂಟನನ್ನು ಕೂರಿಸಿದೆ. ಬೇರೆ ಮಡಕೆಯಲ್ಲಿ ಬೆಳಗಿನಿಂದ ಬೇಯಿಸಿದ ತಲೆ, ಎರಡು ಮುದ್ದೆ. ಮೊದಲು ಬಡಿಸಿದ್ದು ಅವನಿಗೇ. ಪೂಜೆಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕತ್ತರಿಸಲು ಬಂದವರ ನಗು ಗುಡ್ಡದಾಚೆಗೆ ಕೇಳಿಸಿರಬೇಕು. ಬಡಿಸುತ್ತಿದ್ದ ಕೆಂಪಕ್ಕ ಅವನ ಮುಂದೆ ನಿಂತು, "ಯಜಮಾನ್ರೇ, ಸಾರು ಬಿಡ್ಲಾ?" ಎಂದು ಕೇಳಿದಳು. ದೊಡ್ಡಪ್ಪ ನಗಲಿಲ್ಲ. ತಾನು ಆಡಿದ ಮಾತು ಎದುರಿಗೆ ಕೂತು ಊಟ ಮಾಡುವುದನ್ನು ನೋಡುತ್ತಿದ್ದ. ಆದರೆ ಎದ್ದೂ ಹೋಗಲಿಲ್ಲ.

ನಿನ್ನ,
ಗಿಡ್ಡ


ಹೊನ್ನಾಳಿ
ತಾ. 3-12-1938

ಗಿಡ್ಡ,

ಡಾಕ್ಟರಿಗೆ ಓದಿ ಹೇಳಿದೆ. ಇಪ್ಪತ್ತು ವರ್ಷದಲ್ಲಿ ತಾವು ಬರೆದ ಯಾವ ಚೀಟಿಯಲ್ಲೂ ನಾಯಿಗೆ ಎಲೆ ಹಾಕಬೇಕೆಂದು ಬರೆದಿಲ್ಲವೆಂದರು.

ಒಂದು ಎಚ್ಚರಿಕೆ. ಹಿಂದೆಯೇ ಮೊಟ್ಟೆ ನುಂಗಿರುವ ಕುರಿಗಳು ಇನ್ನೂ ಕೆಲವು ತಿಂಗಳು ತಿರುಗಬಹುದು. ಆಗ ದೊಡ್ಡಪ್ಪ ಮಾತು ಬದಲಿಸದಂತೆ ಈಗಲೇ ಹೇಳಿಡು. ಮೂರು ತಿಂಗಳಿಗೊಮ್ಮೆ ಗೋಟಡಿಕೆ ಕೊಡು. ಸತ್ತ ಕುರಿಗೆ ಬಾಯಿ ಹಾಕಲು ಬಿಡಬೇಡ. ಅವನನ್ನು ಮುಟ್ಟಿ ಕೈ ತೊಳೆಯದೆ ಉಣ್ಣಬೇಡ.

ಇನ್ನು ಮರಿಯ ಮಾತು. ಮೂರು ವರ್ಷದಿಂದ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವತ್ತು ಹಟ್ಟಿಗೆ ಬಂದಾಗ ಎರಡು ಮರಿಗಳನ್ನೂ ಅಂಗಳಕ್ಕೆ ಬಿಟ್ಟೆ. ಒಂದು ನನ್ನ ಚಪ್ಪಲಿ ಕಚ್ಚಿತು. ಇನ್ನೊಂದು ದುಂಡಗೆ, ಗಟ್ಟಿಯಾಗಿ, ನೋಡಿದರೆ ಅದೇ ಚೆಂದ. ಅದನ್ನೇ ಎತ್ತಿಕೊಳ್ಳಲು ಹೋದೆ. ಅದು ನನ್ನ ಕೈ ತಪ್ಪಿಸಿಕೊಂಡು ಗೋಡೆಯ ಬದಿಗೆ ಹೋಯಿತು. ಅಲ್ಲಿ ನಿನ್ನ ಹಳೆಯ ಕಂಬಳಿ ಬಿದ್ದಿತ್ತು. ಮೂಸಿ ನೋಡಿ, ಎರಡು ಸುತ್ತು ಸುತ್ತಿ, ಅದರ ಮೇಲೆ ಮಲಗಿಬಿಟ್ಟಿತು. ಆಮೇಲೆ ಅದನ್ನು ಹೇಗೆ ಎತ್ತಲಿ? ಚಪ್ಪಲಿ ಕಚ್ಚಿದ್ದನ್ನು ತೆಗೆದುಕೊಂಡು ಬಂದೆ.

ನಿನ್ನ,
ದಾಸ


ಕಲ್ಲುಗುಡ್ಡದ ಹಟ್ಟಿ
ತಾ. 18-6-1939

ದಾಸ,

ಕಂಬಳಿಯ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಬರೆಯಲು ಕೂತಾಗಲೆಲ್ಲ ಬಂಟ ಬಂದು ಅದೇ ಕಂಬಳಿಯ ಮೇಲೆ ಮಲಗುತ್ತಿದ್ದ.

ನೀನು ಹೇಳಿದಂತೆಯೇ ಮಾಘದಲ್ಲಿ ಎರಡು ಕುರಿ ತಿರುಗಿದವು. ಹಟ್ಟಿಯವರೆಲ್ಲ ದೊಡ್ಡಪ್ಪನ ಮುಖ ನೋಡಿದರು. ಅವನು ಹೇಳಿದ: "ಹೊನ್ನಾಳಿ ದಾಸ ಮೊದ್ಲೇ ಬರೆದವ್ನೆ. ಹಳೇ ಬಾಕಿ ಇದು. ತಲೆ ಸುಡ್ರಿ." ಯುಗಾದಿಯಾದ ಮೇಲೆ ಒಂದೂ ತಿರುಗಿಲ್ಲ. ನಾನು ದಿನಾ ಬೆಳಿಗ್ಗೆ ಮಂದೆಯನ್ನು ಸಾಲಾಗಿ ಬಿಟ್ಟು ಪ್ರತಿಯೊಂದರ ತಲೆ ನೋಡುತ್ತೇನೆ. ಎಲ್ಲವೂ ನೆಟ್ಟಗೆ ನಡೆಯುತ್ತಿವೆ. ಕುರಿ ನೆಟ್ಟಗೆ ನಡೆಯುವುದು ನೋಡುವಂಥ ವಿಷಯ ಎಂದು ಮೊದಲು ಗೊತ್ತಿರಲಿಲ್ಲ. ಬಂಟನ ಪಕ್ಕೆಲುಬು ಈಗ ಎಣಿಸಲು ಬರುವುದಿಲ್ಲ.

ಈ ವಾರ ಮತ್ತೆ ಉಣ್ಣೆ ಕತ್ತರಿಸಿದೆವು. ಈ ಸಲ ಯಾರೂ ನಗಲಿಲ್ಲ. ಎಲೆ ಹಾಕುವಾಗ ನಾನು ಬೇಕೆಂದೇ ಸುಮ್ಮನಿದ್ದೆ, ನೋಡೋಣವೆಂದು. ದೊಡ್ಡಪ್ಪ ಕೂತಲ್ಲಿಂದ ಕೂಗಿದ, "ಕಾವಲಿನೋನ ಎಲೆ ಎಲ್ರೋ?"

ಹಾಕಿದೆ. ಅದರ ಪಕ್ಕದಲ್ಲಿ ಇನ್ನೊಂದು ಎಲೆಯನ್ನೂ ಹಾಕಿ, ಮುದ್ದೆ ಬಡಿಸಿ, ಕೂರುವ ಜಾಗ ಖಾಲಿ ಬಿಟ್ಟೆ. "ಇದು ಯಾರದಪ್ಪಾ?" ಎಂದು ಕೆಂಪಕ್ಕ ಕೇಳಿದಳು. ಬಂಟ ತನ್ನ ಪಾಲು ಮುಗಿಸಿ ಪಕ್ಕದ ಎಲೆಯನ್ನು ನೋಡಿದ. ಮೂಸಿದ. ಮುಟ್ಟಲಿಲ್ಲ. ಅದರ ಮುಂದೆ ಮೂತಿ ಚಾಚಿ ಮಲಗಿದ. ಎಲೆ ಎತ್ತಲು ಬಂದ ಕೆಂಪಕ್ಕನಿಗೆ ಗುರ್ ಎಂದ. ಎಲ್ಲರೂ ಎದ್ದು ಕೈ ತೊಳೆದು ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂತರೂ ಆ ಎಲೆ ಅಲ್ಲೇ ಇತ್ತು, ಅವನೂ ಅಲ್ಲೇ ಇದ್ದ.

ಮುಂದಿನದು ಕಾರ್ತಿಕದಲ್ಲಿ. ನೀನು ಬರುವವರೆಗೆ ಅವನು ಕಾಯುತ್ತಾನೆ, ಆದರೆ ಮುದ್ದೆ ಅಷ್ಟು ದಿನ ಇರುವುದಿಲ್ಲ, ಹೊಸದು ಮಾಡಿಸುತ್ತೇನೆ. ಲಕ್ಷ್ಮಮ್ಮನನ್ನು ಕರೆದುಕೊಂಡು ಬಾ. ಚಪ್ಪಲಿ ಕಚ್ಚುವವನನ್ನೂ ಕರೆತಾ. ಅವನಿಗೂ ಎಲೆ ಇದೆ.

ನಿನ್ನ,
ಗಿಡ್ಡ